ವಿದ್ಯೆ ಮಾರುತ್ತಿರುವವರು ಯಾರು?

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುವುದಕ್ಕೂ ನಮ್ಮ ಪಟ್ಟಣಗಳ ವೃತ್ತಗಳಲ್ಲಿ ಫ್ಲೆಕ್ಸ್‌ಗಳು ಎದ್ದು ನಿಲ್ಲುವುದಕ್ಕೂ ಸರಿಹೋಗುತ್ತದೆ. ಕಳೆದ ವರ್ಷ ರ‍್ಯಾಂಕ್ ಪಡೆದ ಮಕ್ಕಳ ಭಾವಚಿತ್ರಗಳು, ಅವುಗಳ ಕೆಳಗೆ ದಪ್ಪಕ್ಷರದ ಅಂಕಗಳು, ಮೂಲೆಯಲ್ಲಿ ಸಂಸ್ಥೆಯ ಮಾಲಕರ ನಗುಮುಖ. ಆ ಫಲಕದಲ್ಲಿ ಒಬ್ಬರ ಚಿತ್ರ ಮಾತ್ರ ಇರುವುದಿಲ್ಲ. ಆ ಮಕ್ಕಳ ಮುಂದೆ ನಿಂತು ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ನಿಜವಾಗಿ ಕಲಿಸಿದವರದ್ದು. ಅವರಲ್ಲಿ ಬಹಳ ಮಂದಿ ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಗಂಟೆಯ ಲೆಕ್ಕದಲ್ಲಿ ದುಡಿಯುವ ಅರೆಕಾಲಿಕ ಬೋಧಕರು.

ಈ ಬೋಧಕರ ಬಗ್ಗೆ ನಮ್ಮ ಸಮಾಜದ ಧೋರಣೆ ವಿಚಿತ್ರವಾದುದು. ಸಭೆಯಲ್ಲಿ ಮಾತಾಡುವಾಗ ಅವರು ವಿದ್ಯೆಯನ್ನು ಮಾರುವವರು. ಮಗಳಿಗೆ ಸಿಇಟಿ ಹತ್ತಿರ ಬಂದಾಗ ಅದೇ ವ್ಯಕ್ತಿ ಸರ್. ಸೀಟು ಸಿಕ್ಕರೆ ಕೀರ್ತಿ ಸಂಸ್ಥೆಗೆ, ಸಿಗದಿದ್ದರೆ ಅಪವಾದ ಸರ್‌ಗೆ. ಇಷ್ಟಕ್ಕೂ, ವಿದ್ಯೆಯನ್ನು ಮಾರುತ್ತಿರುವವರು ಯಾರು? ಗಂಟೆಗಿಷ್ಟು ಎಂದು ಸಂಬಳ ಪಡೆಯುವವನೇ ಅಥವಾ ಅವನ ಗಂಟೆಗಳನ್ನು ಖರೀದಿಸಿ ಹಲವು ಪಟ್ಟು ಬೆಲೆಗೆ ನಮಗೆ ಮಾರುವವರೇ? ಈ ಪ್ರಶ್ನೆಯನ್ನು ಎದುರಿಸದೆ ಕೋಚಿಂಗ್ ಹಾವಳಿಯ ಬಗ್ಗೆ ಎಷ್ಟು ಭಾಷಣ ಮಾಡಿದರೂ ಪ್ರಯೋಜನವಿಲ್ಲ.

ಮೊದಲು ಇತಿಹಾಸವನ್ನು ನೆನಪಿಸಿಕೊಳ್ಳೋಣ. ಕರ್ನಾಟಕದಲ್ಲಿ ಪ್ರವೇಶ ಪರೀಕ್ಷೆ ಹುಟ್ಟಿಕೊಂಡದ್ದು ದುಡ್ಡಿನ ದರ್ಬಾರಿಗೆ ಕಡಿವಾಣ ಹಾಕುವುದಕ್ಕಾಗಿ. ಕ್ಯಾಪಿಟೇಷನ್ ಶುಲ್ಕದ ಹೆಸರಿನಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳು ಬಿಕರಿಯಾಗುತ್ತಿದ್ದ ಕಾಲದಲ್ಲಿ, 1984ರಲ್ಲಿ, ರಾಜ್ಯವು ಅದನ್ನು ನಿಷೇಧಿಸುವ ಕಾನೂನನ್ನು ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಕ್ಯಾಪಿಟೇಷನ್ ಶುಲ್ಕವು ಸಂವಿಧಾನ ವಿರೋಧಿಯೆಂದು ಸಾರಿತು. ಆ ಪ್ರಕರಣ ಹುಟ್ಟಿದ್ದೇ ನಮ್ಮ ತುಮಕೂರಿನ ಸೀಟೊಂದರಿಂದ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. 1994ರಲ್ಲಿ ಸಿಇಟಿ ಘಟಕ ಆರಂಭವಾಯಿತು. ಗುಮಾಸ್ತನ ಮಗನೂ ಗುತ್ತಿಗೆದಾರನ ಮಗನೂ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕುಳಿತರು. ಅದು ಸಣ್ಣ ಸಾಧನೆಯಲ್ಲ. ಬಡವರ ಮನೆಗಳಲ್ಲಿ ಮೊದಲ ಇಂಜಿನಿಯರ್, ಮೊದಲ ಡಾಕ್ಟರ್ ತಯಾರಾದದ್ದು ಆ ಬಾಗಿಲಿನ ಮೂಲಕ.

ಆದರೆ ಬಾಗಿಲನ್ನು ತೆರೆದ ಸರಕಾರವು ಬಾಗಿಲವರೆಗಿನ ದಾರಿಯನ್ನು ಮರೆತುಬಿಟ್ಟಿತು. ಪಿಯು ಕಾಲೇಜಿನ ತರಗತಿಯು ಒಂದು ಪರೀಕ್ಷೆಗೆ ಸಿದ್ಧಗೊಳಿಸಿತು, ಸೀಟು ಇನ್ನೊಂದು ಪರೀಕ್ಷೆಯಿಂದ ನಿರ್ಧಾರವಾಯಿತು. ಈ ಎರಡರ ನಡುವಿನ ಕಂದಕದಲ್ಲಿ ಕೋಚಿಂಗ್ ಉದ್ಯಮವು ಬೇರು ಬಿಟ್ಟಿತು. 2017ರಿಂದ ರಾಜ್ಯದ ವೈದ್ಯಕೀಯ ಸೀಟುಗಳು ನೀಟ್‌ನ ಅಧೀನಕ್ಕೆ ಹೋದ ಮೇಲೆ ಕಂದಕ ಇನ್ನಷ್ಟು ಅಗಲವಾಯಿತು. ಕ್ಯಾಪಿಟೇಷನ್ ಶುಲ್ಕವನ್ನು ಮುಂಬಾಗಿಲಿನಿಂದ ಓಡಿಸಿದೆವು ಎಂದು ನಾವು ಬೀಗುತ್ತಿರುವಾಗಲೇ, ಅದೇ ಹಣ ಕೋಚಿಂಗ್ ಶುಲ್ಕದ ವೇಷದಲ್ಲಿ ಹಿಂಬಾಗಿಲಿನಿಂದ ಒಳಬಂತು. ಆ ಶುಲ್ಕದ ಮೇಲೆ ಸರಕಾರಕ್ಕೆ ಶೇ. 18 ಜಿಎಸ್‌ಟಿಯೂ ಸಿಗುತ್ತದೆ.

ಅಲ್ಲಿ ಕಲಿಸುವುದಾದರೂ ಏನನ್ನು? 2025ರ ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷ. ಸಿಇಟಿಯಲ್ಲಿ ಒಂದು ವಿಷಯದ 60 ಪ್ರಶ್ನೆಗಳಿಗೆ 80 ನಿಮಿಷ. ನಿಮಿಷಕ್ಕೊಂದು ಪ್ರಶ್ನೆಯಂತೆ ಉತ್ತರಿಸಬೇಕಾದ ಮಗುವಿಗೆ ಯೋಚಿಸುವುದಕ್ಕೆ ಸಮಯವೆಲ್ಲಿದೆ? ಆದ್ದರಿಂದ ಬೋಧಕನು ಯೋಚಿಸದೆ ಉತ್ತರಿಸುವ ಉಪಾಯಗಳನ್ನು ಹೇಳಿಕೊಡುತ್ತಾನೆ. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳ ಪೈಕಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೂ ಸರಾಸರಿ ಕಾಲು ಅಂಕ ಲಾಭವೇ. ಎರಡು ಆಯ್ಕೆಗಳನ್ನು ತಳ್ಳಿಹಾಕಲು ಬಂದರೆ ಆ ಲಾಭ ಒಂದೂವರೆ ಅಂಕಕ್ಕೇರುತ್ತದೆ. ತಪ್ಪಿಗೆ ಕಡಿತವೇ ಇಲ್ಲದ ಸಿಇಟಿಯಲ್ಲಂತೂ ಒಂದು ಪ್ರಶ್ನೆಯನ್ನೂ ಖಾಲಿ ಬಿಡುವಂತಿಲ್ಲ. ಈ ಲೆಕ್ಕ ಗೊತ್ತಿರುವ ಮಗುವಿಗೂ ಗೊತ್ತಿರದ ಮಗುವಿಗೂ ವಿಜ್ಞಾನದ ಜ್ಞಾನ ಒಂದೇ ಇರಬಹುದು. ಆದರೆ ರ‍್ಯಾಂಕ್ ಒಂದೇ ಇರುವುದಿಲ್ಲ. ಈ ವ್ಯತ್ಯಾಸಕ್ಕೆ ನಾವು ಪ್ರತಿಭೆ ಎಂಬ ಹೆಸರಿಟ್ಟಿದ್ದೇವೆ. ನಿಜದಲ್ಲಿ ಅದು ಅಭ್ಯಾಸ, ಅಭ್ಯಾಸಕ್ಕೆ ಬೆಲೆಯಿದೆ, ಆ ಬೆಲೆಯನ್ನು ತೆರಲಾರದ ಮನೆಗಳಿವೆ.

ಈಗ ಅರೆಕಾಲಿಕ ಬೋಧಕರ ವಿಷಯಕ್ಕೆ ಬರೋಣ. ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಒಂದು ವರ್ಗ, ಪೂರ್ಣ ವೇತನದ ಖಾಯಂ ಉದ್ಯೋಗದಲ್ಲಿದ್ದುಕೊಂಡು ಸಂಜೆ ಕೋಚಿಂಗ್‌ಗೆ ಓಡುವವರದ್ದು. ಹಗಲು ತರಗತಿಯಲ್ಲಿ ಪಾಠವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಸಂಜೆ ಶುಲ್ಕ ತೆತ್ತವರಿಗೆ ಮೀಸಲಿಡುವವರ ಬಗ್ಗೆ ಮೃದುವಾಗಿ ಮಾತಾಡಬೇಕಾದ ಅಗತ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಾಥಮಿಕ ಹಂತದ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿದೆ. ಸರಕಾರಿ ನೌಕರರ ನಡತೆ ನಿಯಮಗಳೂ ಅನುಮತಿಯಿಲ್ಲದ ಖಾಸಗಿ ದುಡಿಮೆಯನ್ನು ಒಪ್ಪುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಸಂಬಳ ಪಡೆದು ಕೊಡಬೇಕಾದ ಪಾಠವನ್ನು ಅದೇ ಮಗುವಿಗೆ ಮತ್ತೊಮ್ಮೆ ಮಾರುವುದಕ್ಕೆ ಯಾವ ಹೆಸರಿಡೋಣ? ಟ್ಯೂಷನ್‌ಗೆ ಬಾರದ ಮಗುವಿನ ಆಂತರಿಕ ಅಂಕಗಳ ಮೇಲೆ ಕೈಯಿಡುವವರೂ ಇದ್ದಾರೆಂದರೆ, ಅದು ದುಡಿಮೆಯಲ್ಲ, ಸುಲಿಗೆ.

ಇನ್ನೊಂದು ವರ್ಗದ ಕತೆ ಬೇರೆ. ಎಂಎಸ್ಸಿ ಮುಗಿಸಿ ಖಾಯಂ ನೇಮಕಾತಿಗಾಗಿ ವರ್ಷಗಟ್ಟಲೆ ಕಾದಿರುವ ಅತಿಥಿ ಉಪನ್ಯಾಸಕರು ಈ ವರ್ಗಕ್ಕೆ ಸೇರುತ್ತಾರೆ. ರಾಜ್ಯದ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯವರೆಗೆ ಸಿಗುತ್ತಿದ್ದ ಮಾಸಿಕ ಗೌರವಧನ 11ರಿಂದ 13 ಸಾವಿರ ರೂಪಾಯಿ. ಬೀದಿಗಿಳಿದು ಹೋರಾಡಿದ ಬಳಿಕ ಅದು 26ರಿಂದ 32 ಸಾವಿರಕ್ಕೆ ಏರಿತು, ಆಮೇಲೂ ಸ್ವಲ್ಪ ಹೆಚ್ಚಿತು. ಆದರೆ ಅತಿಥಿ ಎಂಬ ಪದ ಮಾತ್ರ ಹೋಗಲಿಲ್ಲ. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿದವನು ಅತಿಥಿಯಾಗುವುದು ಹೇಗೆ? ಕಾಲೇಜಿಗೆ ರಜೆ ಬಂದರೆ ಆತನ ಗೌರವಧನಕ್ಕೂ ರಜೆ. ಸಿಇಟಿ, ನೀಟ್‌ಗಳ ಕ್ರ್ಯಾಶ್ ಕೋರ್ಸ್‌ಗಳು ಬರುವುದು ಸರಿಯಾಗಿ ಆ ಬೇಸಿಗೆಯಲ್ಲೇ. ಮನೆಯ ಬಾಡಿಗೆಗೂ ಅಕ್ಕಿಗೂ ರಜೆಯಿಲ್ಲದಿರುವಾಗ, ಆತ ಆ ಎರಡು ತಿಂಗಳು ಕೋಚಿಂಗ್‌ನಲ್ಲಿ ಪಾಠ ಮಾಡಿದರೆ ಅದನ್ನು ವಿದ್ಯೆಯ ಮಾರಾಟವೆನ್ನುವ ಅಧಿಕಾರ ಯಾರಿಗಿದೆ? ಇಂಜಿನಿಯರಿಂಗ್ ಮುಗಿಸಿ ಉದ್ಯೋಗ ಹುಡುಕುತ್ತಿರುವ ಯುವಕ, ತನ್ನ ಓದಿನ ಖರ್ಚನ್ನು ತಾನೇ ಭರಿಸಬೇಕಾದ ವೈದ್ಯಕೀಯ ವಿದ್ಯಾರ್ಥಿ ಇವರೂ ಇದೇ ಸಾಲಿನಲ್ಲಿದ್ದಾರೆ. ಇವರು ಬೆವರಿನಿಂದ ಅನ್ನ ಸಂಪಾದಿಸುತ್ತಿದ್ದಾರೆ.

ಇವರಿಗೆ ಸಿಗುವುದೇನೆಂದೂ ನೋಡಬೇಡವೇ? ನೇಮಕಾತಿ ಪತ್ರವಿಲ್ಲ. ಬ್ಯಾಚ್ ರದ್ದಾದರೆ ಗಂಟೆಯೂ ರದ್ದು, ಗಂಟೆ ರದ್ದಾದರೆ ಕೂಲಿಯೂ ರದ್ದು. ರಾತ್ರಿ ನಿದ್ದೆಗೆಟ್ಟು ಬರೆದ ಟಿಪ್ಪಣಿಗಳು ಸಂಸ್ಥೆಯ ಮುದ್ರೆ ಹೊತ್ತು ಮುಂದಿನ ವರ್ಷ ಸಾವಿರಾರು ರೂಪಾಯಿಯ ಮೆಟೀರಿಯಲ್ ಆಗಿ ಮಾರಾಟವಾಗುತ್ತವೆ. ಬರೆದವನಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ, ಮುಖಪುಟದಲ್ಲಿ ಹೆಸರೂ ಇಲ್ಲ. ಎಲ್ಲ ಸಂಸ್ಥೆಗಳೂ ಹೀಗೆ ಎನ್ನುತ್ತಿಲ್ಲ. ಆದರೆ ಹೀಗಿರುವ ಸಂಸ್ಥೆಗಳು ನಮ್ಮ ಊರಿನಲ್ಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲವರು ಎಷ್ಟು ಮಂದಿಯಿದ್ದಾರೆ?

ಕಾನೂನು ಇಲ್ಲವೆಂದಲ್ಲ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು, ಬೋಧಕರು ಕನಿಷ್ಠ ಪದವೀಧರರಾಗಿರಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ತರಗತಿ ಇರಬಾರದು, ರ‍್ಯಾಂಕಿನ ಭರವಸೆ ನೀಡಬಾರದು, ನಡುವೆ ಬಿಟ್ಟ ವಿದ್ಯಾರ್ಥಿಗೆ ಉಳಿದ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕು ಎಂದು ಅದು ಹೇಳುತ್ತದೆ. ಅದೇ ವರ್ಷ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳ ಸುಳ್ಳಿಗೆ ತಡೆಯೊಡ್ಡುವ ಪ್ರತ್ಯೇಕ ಮಾರ್ಗಸೂಚಿಯನ್ನು ತಂದಿತು. 2025ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ನೀಡಿದ ನಿರ್ದೇಶನಗಳಲ್ಲಿ, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್‌ಗಳಾಗಿ ವಿಂಗಡಿಸುವುದರಿಂದ ಆದಷ್ಟು ದೂರವಿರಬೇಕೆಂದಿತು. ಕಾಗದದಲ್ಲಿ ಎಲ್ಲವೂ ಇದೆ. ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಫೌಂಡೇಶನ್ ಬ್ಯಾಚ್‌ನ ಫ್ಲೆಕ್ಸ್ ಹಾಕಿದವರನ್ನು ಯಾರಾದರೂ ಪ್ರಶ್ನಿಸಿದ್ದಾರೆಯೇ? ಹೆತ್ತವರಾದ ನಾವು ಪ್ರಶ್ನಿಸಿದ್ದೇವೆಯೇ?

ಇಷ್ಟೆಲ್ಲ ತೆತ್ತ ಮೇಲೂ ಪರೀಕ್ಷೆ ನ್ಯಾಯಯುತವಾಗಿ ನಡೆಯುತ್ತದೆಯೇ ಎಂದರೆ, 2024ರ ಬೇಸಿಗೆಯೇ ಉತ್ತರ. ಎಪ್ರಿಲ್‌ನ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಜೂನ್ 4ರಂದು ಪ್ರಕಟವಾದ ನೀಟ್ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂತು. 1563 ಮಂದಿಗೆ ಕೃಪಾಂಕ ನೀಡಿ ಮತ್ತೆ ಹಿಂತೆಗೆದುಕೊಳ್ಳಲಾಯಿತು. ಹಜಾರಿಬಾಗ್ ಮತ್ತು ಪಾಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾದದ್ದನ್ನು ಒಪ್ಪಿಕೊಂಡೇ, ಮರುಪರೀಕ್ಷೆಯ ಅಗತ್ಯವಿಲ್ಲವೆಂದು ಸುಪ್ರೀಮ್ ಕೋರ್ಟು ಜುಲೈ 23ರಂದು ಹೇಳಿತು. ಚಿನ್ನ ಅಡವಿಟ್ಟು ಮಗನನ್ನು ಕೋಚಿಂಗ್‌ಗೆ ಕಳುಹಿಸಿದ ತಂದೆಗೆ ಇದರಲ್ಲಿ ಯಾವ ಸಮಾಧಾನವಿದೆ?

ಹಾಗಾದರೆ ಮಾಡಬೇಕಾದುದೇನು? ಕೋಚಿಂಗನ್ನು ಬಹಿಷ್ಕರಿಸಿರಿ ಎಂದು ಕರೆ ಕೊಡುವುದು ಸುಲಭ. ಆ ಕರೆಗೆ ಓಗೊಟ್ಟ ಮಗು ಸೀಟು ಕಳೆದುಕೊಳ್ಳುತ್ತದೆ, ಕೊಟ್ಟವರಿಗೆ ಏನೂ ಆಗುವುದಿಲ್ಲ. ಆದ್ದರಿಂದ ಸಾಧ್ಯವಿರುವುದನ್ನು ಹೇಳೋಣ.

ಸರಕಾರವು ಪಿಯು ಕಾಲೇಜುಗಳ ಖಾಲಿ ಹುದ್ದೆಗಳನ್ನು ಭರ್ತಿ ಮಾಡಿ, ಪ್ರವೇಶ ಪರೀಕ್ಷೆಯ ತಯಾರಿಯನ್ನು ಕಾಲೇಜಿನ ವೇಳಾಪಟ್ಟಿಯೊಳಗೇ ತರಬೇಕು. ಸಂಜೆ ಕೋಚಿಂಗ್‌ಗೆ ಬೇಕಾಗುವ ಬೋಧಕ ಹಗಲು ಕಾಲೇಜಿಗೆ ಬೇಡವಾಗುವುದು ಹೇಗೆ? ತಮಿಳುನಾಡು 2020ರಲ್ಲಿ, ನೀಟ್ ತೇರ್ಗಡೆಯಾದ ಸರಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಮೀಸಲಿಟ್ಟಿತು. ದುಡ್ಡು ಕೊಟ್ಟು ಕೊಂಡ ಅಭ್ಯಾಸಕ್ಕೂ ದುಡ್ಡಿಲ್ಲದವನ ಪರಿಶ್ರಮಕ್ಕೂ ನಡುವಿನ ಅಂತರವನ್ನು ಒಂದು ರಾಜ್ಯ ಹೀಗೆ ಒಪ್ಪಿಕೊಂಡಿದೆ. ಕರ್ನಾಟಕಕ್ಕೆ ಏನು ಅಡ್ಡಿ?

ಹೆತ್ತವರು ಶುಲ್ಕ ಕಟ್ಟುವ ಮುನ್ನ ಫ್ಲೆಕ್ಸ್ ನೋಡುವುದನ್ನು ಬಿಟ್ಟು ಕೆಲವು ಪ್ರಶ್ನೆಗಳನ್ನು ಕೇಳಲಿ. ಪಾಠ ಮಾಡುವವರು ಯಾರು? ಅವರು ವರ್ಷವಿಡೀ ಇರುತ್ತಾರೆಯೇ? ಈ ರ‍್ಯಾಂಕಿನ ಮಗು ಇಲ್ಲಿ ಓದಿದ್ದು ಎರಡು ವರ್ಷವೋ, ಎರಡು ಅಣಕು ಪರೀಕ್ಷೆಯೋ? ಶುಲ್ಕ ಮರಳಿಸುವ ನಿಯಮವನ್ನು ಬರೆದುಕೊಡುತ್ತೀರಾ? ಬೋಧಕರೂ ನೇಮಕದ ಷರತ್ತುಗಳನ್ನು ಲಿಖಿತವಾಗಿ ಕೇಳಲಿ. ಜೊತೆಗೆ, ವೈದ್ಯಕೀಯದಲ್ಲಿ ಆಸಕ್ತಿಯೇ ಇಲ್ಲದ ಮಗುವನ್ನು ಕಂಡಾಗ ಹೆತ್ತವರಿಗೆ ಸತ್ಯ ಹೇಳುವ ಧೈರ್ಯ ತೋರಲಿ. ಒಂದು ಅಡ್ಮಿಶನ್ ಹೋದೀತು, ಒಂದು ಮಗು ಉಳಿದೀತು.

ಸಮುದಾಯದ ಹಿರಿಯರಲ್ಲೂ ಒಂದು ಮಾತು. 2006ರ ಸಾಚಾರ್ ವರದಿಯ ಪ್ರಕಾರ, 20 ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಇದ್ದರು. ಆ ಬಳಿಕ ನಮ್ಮ ಪಟ್ಟಣಗಳಲ್ಲಿ ಪದವೀಧರರು, ಅದರಲ್ಲೂ ಬಿಎಸ್ಸಿ, ಎಂಎಸ್ಸಿ ಓದಿದ ಹೆಣ್ಮಕ್ಕಳು ಎಷ್ಟೋ ಮನೆಗಳಲ್ಲಿ ತಯಾರಾಗಿದ್ದಾರೆ. ಅವರಲ್ಲಿ ಹಲವರು ಮನೆಯ ಚಾವಡಿಯಲ್ಲಿ ಎಂಟು ಹತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಾರೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಮಾತ್ರ ಅನ್ವಯಿಸುವ ಕೇಂದ್ರದ ಮಾರ್ಗಸೂಚಿಯ ಕಣ್ಣಿಗೆ ಅವರು ಬೀಳುವುದಿಲ್ಲ. ನಮ್ಮ ಕಣ್ಣಿಗೂ ಬೀಳಬಾರದೇ? ದೂರದ ಊರಿನ ಹಾಸ್ಟೆಲ್‌ಗೆ ಕಳುಹಿಸಲು ಹಣವಿಲ್ಲದ ಮನೆಯ ಮಗಳಿಗೆ ಆ ಚಾವಡಿಯೇ ಕೋಚಿಂಗ್ ಕೇಂದ್ರ.

ಪಾಟ್ನಾದಲ್ಲಿ ಮೌಲಾನಾ ವಲಿ ರಹ್ಮಾನಿಯವರು ರಹ್ಮಾನಿ-30ಯನ್ನು ಕಟ್ಟಿದರು. ಬೀದರ್‌ನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ 1989ರಲ್ಲಿ ಆರಂಭವಾದ ಶಾಹೀನ್ ಸಂಸ್ಥೆ ಇಂದು ದೊಡ್ಡದಾಗಿ ಬೆಳೆದಿದೆ. ಅಷ್ಟು ದೊಡ್ಡದನ್ನು ಕಟ್ಟಲಾಗದಿದ್ದರೂ, ನಮ್ಮ ಟ್ರಸ್ಟ್‌ಗಳು ಪ್ರತಿ ವರ್ಷ ವಿದ್ಯಾರ್ಥಿವೇತನದ ಹೆಸರಿನಲ್ಲಿ ಕೋಚಿಂಗ್ ಸಂಸ್ಥೆಗಳ ಖಾತೆಗೆ ಸೇರಿಸುತ್ತಿರುವ ಹಣದ ಒಂದು ಪಾಲಿನಿಂದ ಊರಿನ ನಾಲ್ಕು ಪದವೀಧರರಿಗೆ ಗೌರವದ ಸಂಬಳ ಕೊಟ್ಟು, ಬಿಡುವಿರುವ ಸಭಾಂಗಣದಲ್ಲಿ ಸಂಜೆ ತರಗತಿ ನಡೆಸಲು ಸಾಧ್ಯವಿದೆ. ಜಾತಿ, ಧರ್ಮ ನೋಡದೆ ಬಡವರ ಮಕ್ಕಳೆಲ್ಲರಿಗೂ ಅದರ ಬಾಗಿಲು ತೆರೆದಿರಲಿ.

ಮುಂದಿನ ಬೇಸಿಗೆಗೆ ಹೊಸ ಫ್ಲೆಕ್ಸ್‌ಗಳು ಬಂದೇ ಬರುತ್ತವೆ. ಅಷ್ಟರೊಳಗೆ ನಮ್ಮೂರಿನಲ್ಲಿ ಅಂಥದ್ದೊಂದು ತರಗತಿ ಆರಂಭವಾಗಿರುತ್ತದೆಯೇ ಎಂಬುದನ್ನು ನಿರ್ಧರಿಸಬೇಕಾದವರು ನಾವೇ. ಅದನ್ನು ಮಾಡದವರು, ಗಂಟೆಗಿಷ್ಟು ಎಂದು ದುಡಿಯುವ ಬಡ ಬೋಧಕನನ್ನು ವಿದ್ಯೆ ಮಾರುವವನೆಂದು ಜರೆಯುವ ಹಕ್ಕನ್ನಾದರೂ ಬಿಟ್ಟುಕೊಡಲಿ.