ಲೆಕ್ಕಕ್ಕೆ ಗಡಿ ಇಲ್ಲ!

"ಕಥೆ, ಪದ್ಯ ಕನ್ನಡದಲ್ಲಿ ಓದ್ಲಿ ಸಾರ್, ಬೇಡ ಅನ್ನಲ್ಲ. ಲೆಕ್ಕ ಕನ್ನಡದಲ್ಲಿ ಕಲಿತು ಏನು ಬಂತು?"

ಜೂನ್‌ನಲ್ಲಿ ಶಾಲೆ ತೆರೆದು, ಮಕ್ಕಳನ್ನು ಸೇರಿಸಿ ಎಂದು ಮನೆ ಮನೆಗೆ ಹೋದಾಗ ನಾವು ಕೇಳುವ ಮಾತಿದು. ಲೇಪಾಕ್ಷಿ, ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಶಿಕ್ಷಕ ಮಿತ್ರರಿಗೆ ಇದು ಹೊಸದಲ್ಲ. ಪೋಷಕರನ್ನು ಬೈದು ಪ್ರಯೋಜನವಿಲ್ಲ. ಗಣಿತ ಎಂದರೆ ಇಂಗ್ಲಿಷಿನ ಸ್ವತ್ತು ಎಂದು ಅವರು ನಂಬಿದ್ದರೆ, ಹಾಗಲ್ಲ ಎಂದು ತೋರಿಸಿಕೊಡದ ನಮ್ಮ ತಪ್ಪೂ ಅದರಲ್ಲಿದೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದರು. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ. ಗ್ರಂಥ ಸಂಸ್ಕೃತದಲ್ಲಿದ್ದರೂ ನಾಡು ನಮ್ಮದು. ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟುವುದು ಎಲ್ಲಕ್ಕೂ ಗಣಿತ ಬೇಕು ಎಂದು ಅವರು ಮೊದಲಲ್ಲೇ ಹೇಳಿಬಿಡುತ್ತಾರೆ. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ಎಂದು ಕೇಳುತ್ತಾರೆ. ನಮ್ಮ ಯುಗಾದಿ ಪಚ್ಚಡಿಯ ಲೆಕ್ಕವೇ ತಾನೆ! ಎರಡೆರಡು ಸೇರಿಸಿದರೆ 15 ಬಗೆ, ಒಂದರಿಂದ ಆರರವರೆಗೆ ಎಲ್ಲ ಸೇರಿದರೆ 63.

ಒಮ್ಮೆ ಅವರ ಪುಸ್ತಕದ ಒಂದು ಗುಣಾಕಾರವನ್ನು ಬೋರ್ಡಿನ ಮೇಲೆ ಬರೆದೆವು: 152207 × 73. ಮಕ್ಕಳು ಗೊಣಗುತ್ತಲೇ ಮಾಡಿದರು. ಉತ್ತರ 11111111! ಮಣಿ ಪೋಣಿಸಿದ ಸರದ ಹಾಗೆ. "ಇನ್ನೊಂದು ಕೊಡಿ ಸಾರ್" ಎಂದರು. 14287143 × 7 ಕೊಟ್ಟೆವು. ನೀವೂ ಮಾಡಿ ನೋಡಿ.

ಹಾಗೆಂದು ಬರೀ ಹೊಗಳಿಕೆ ಬೇಡ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಅವರು ಬರೆದದ್ದು ತಪ್ಪು. ಅದನ್ನೂ ತರಗತಿಯಲ್ಲಿ ಹೇಳಬೇಕು. ದೊಡ್ಡವರೂ ಲೆಕ್ಕದಲ್ಲಿ ತಪ್ಪುತ್ತಾರೆ ಎಂದು ಗೊತ್ತಾದರೆ ಮಗುವಿನ ಭಯ ಅರ್ಧ ಹೋಗುತ್ತದೆ.

ಗಡಿಯವರಾದ ನಮಗೆ ಮುಖ್ಯವಾದ ಸಂಗತಿ ಇನ್ನು ಮುಂದಿದೆ. ಈ ಗ್ರಂಥವನ್ನು ತೆಲುಗಿಗೆ ತಂದವರು ಪಾವುಲೂರಿ ಮಲ್ಲನ. ಅವರು 11ನೆಯ ಶತಮಾನದವರೆಂದು ಹೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಇಳಿಸದೆ, ತೆಲುಗಿನಲ್ಲಿ ಕಲಿಯುವವರಿಗೆಂದು ತಮ್ಮದೇ ಲೆಕ್ಕಗಳನ್ನೂ ಸೇರಿಸಿದರು. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದವನ್ನು ಕನ್ನಡದಲ್ಲೇ ಬರೆದರು. ಮಹಾವೀರರ ಗ್ರಂಥ 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ 2000ರಲ್ಲಿ ಹೊಂಬುಜದಿಂದ ಬಂತು. ಗಣಿತ ಸಂಸ್ಕೃತ, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲದರಲ್ಲೂ ಓಡಾಡಿದೆ. ಯಾವ ಭಾಷೆಯೂ ಅದಕ್ಕೆ ಸಾಲದೇ ಹೋಗಲಿಲ್ಲ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಡಿಸೆಂಬರ್ 22ರ ಗಣಿತ ದಿನದಂದು ರಾಮಾನುಜನ್ನರ ಜೊತೆಗೆ ಈ ಮೂವರ ಹೆಸರನ್ನೂ ಮಕ್ಕಳಿಗೆ ಹೇಳೋಣ. ತರಗತಿಯ ಗೋಡೆಗೆ ಕನ್ನಡ, ತೆಲುಗು, ಇಂಗ್ಲಿಷ್ ಗಣಿತ ಪದಗಳ ಒಂದು ಪಟ್ಟಿ ಅಂಟಿಸೋಣ. ನಾವು ಲ.ಸಾ.ಅ. ಎನ್ನುವುದನ್ನು ಪಕ್ಕದ ತೆಲುಗು ತರಗತಿಯಲ್ಲಿ ಕ.ಸಾ.ಗು. ಎನ್ನುತ್ತಾರೆ, ಇಂಗ್ಲಿಷಿನವರು ಎಲ್‌ಸಿಎಂ ಎನ್ನುತ್ತಾರೆ, ಮಹಾವೀರರು 'ನಿರುದ್ಧ' ಎಂದರು. 4 ಮತ್ತು 6ಕ್ಕೆ ಉತ್ತರ ಮಾತ್ರ ಎಲ್ಲರಿಗೂ 12! ಕಾಲೇಜಿಗೆ ಹೋದಾಗ ಇಂಗ್ಲಿಷ್ ಪದ ಬೇಕೇ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅರ್ಥವಾದ ಮೇಲೆ ಪದ ಕಲಿಯುವುದು ಸುಲಭ, ಅರ್ಥವಾಗದೆ ಪದ ಕಲಿತರೆ ಅದು ಬಾಯಿಪಾಠ.

ಮೂರನೆಯದು, ಮಲ್ಲನ ಮಾಡಿದಂತೆ ಲೆಕ್ಕಗಳನ್ನು ನಮ್ಮೂರಿನದಾಗಿಸೋಣ. ಹಿಂದೂಪುರದ ಹುಣಸೆಹಣ್ಣು, ರೇಷ್ಮೆಗೂಡು, ಹೊಲದ ಕಡಲೆಕಾಯಿ ಇರುವಾಗ ಕಾಣದ ಊರಿನ ಲೆಕ್ಕವೇ ಏಕೆ? ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಅಂದು ಕೊಟ್ಟ ದಾನದ ವಿವರ ಬರೆದಿಡಲು ಆದ ಭಾಷೆಗೆ ಇಂದು ಏಳನೆಯ ತರಗತಿಯ ಭಿನ್ನರಾಶಿ ಭಾರವೇ?

ಮುಂದಿನ ಜೂನ್‌ನಲ್ಲಿ ಅದೇ ಪ್ರಶ್ನೆ ಬಂದರೆ ನಾವು ವಾದ ಮಾಡುವುದಿಲ್ಲ. ಒಂದು ಮಗುವನ್ನು ಕರೆದು 152207 × 73 ಮಾಡಿಸಿ, ಕನ್ನಡದಲ್ಲೇ ವಿವರಿಸು ಎನ್ನುತ್ತೇವೆ. ನೀವೇನಂತೀರಿ?