ಬಣ್ಣ ಮೊದಲು, ಆ್ಯಪ್ ಆಮೇಲೆ

ಜಯನಗರ 4ನೇ ಬ್ಲಾಕ್‌ನಲ್ಲಿ ಸೀರೆ ಕೊಳ್ಳುವವರು ಅದನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ನೋಡುವುದು ಸುಮ್ಮನೆ ಅಲ್ಲ. ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ. ಹಳೆಯ ತಂತಿ ಬಲ್ಬಿಗೆ ಸುಮಾರು 100, ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ಆ ಸರಾಸರಿಯ 8 ಬಣ್ಣಗಳಲ್ಲಿ ಕಡುಗೆಂಪು ಇಲ್ಲವೇ ಇಲ್ಲ.

ಬಿಟಿಎಂ ಲೇಔಟಿನ ಪಿಜಿಯಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ಇದು ಸಣ್ಣ ಮಾತಲ್ಲ. ರೆಸಿಸ್ಟರ್‌ನ ಕೆಂಪು ಪಟ್ಟಿಗಳು ಕಿತ್ತಳೆಯಾಗಿ ಕಂಡರೆ 220 ಓಮ್ 330 ಆಗುತ್ತದೆ! ವೈಫೈ ಬಲ್ಬ್ ಬಗೆಬಗೆಯ ಬಣ್ಣ ಬೀರಬಹುದು. ಬೀರುವುದು ಬೇರೆ, ವಸ್ತುವಿನ ಬಣ್ಣ ತೋರಿಸುವುದು ಬೇರೆ. ಗೋಡೆಯ ಸ್ವಿಚ್ ಆರಿಸಿದರೆ ಆ್ಯಪ್ ಕೂಡ ಕೈಕೊಡುತ್ತದೆ. ಬಿಇಇ ಸ್ಟಾರ್ ಸಿಗುವುದು ವಿದ್ಯುತ್ ಉಳಿತಾಯಕ್ಕೆ, ಬಣ್ಣಕ್ಕಲ್ಲ. ಡಬ್ಬದ ಮೇಲೆ ಸಿಆರ್‌ಐ ದಪ್ಪಕ್ಷರದಲ್ಲಿ ಇರಲಿ. ನಾವೂ ಕೇಳಿಯೇ ಕೊಳ್ಳೋಣ.