ನೀರಿಗೆ ಎಷ್ಟು ಹತ್ತಿರ ಮಲಗಬೇಕು?

ದೀಪಾವಳಿ ಮುಗಿದು ಪುಣೆಯಲ್ಲಿ ಒಂದಿಷ್ಟು ಚಳಿ ಬಿತ್ತೆಂದರೆ ಹುಬ್ಬಳ್ಳಿ, ಬೆಂಗಳೂರಿನ ನೆಂಟರಿಂದ ನನಗೆ ಫೋನು ಶುರುವಾಗುತ್ತದೆ. "ಪವನಾ ಕೆರಿ ದಂಡಿಗೆ ಟೆಂಟ್ ಹಾಕಿ ಕೊಡ್ತಾರಂತಲ್ಲ, ಅದರಾಗ ಯಾವುದು ಛಲೋ?" ಜೊತೆಗೆ ನಾಲ್ಕು ಫೋಟೋ ಬರುತ್ತವೆ. ನಾಲ್ಕರಲ್ಲೂ ಅದೇ ಚಿತ್ರ: ನೀರಿನ ಅಂಚಿಗೆ ತಾಗಿಕೊಂಡ ಸಾಲು ಟೆಂಟು, ಹಿಂದೆ ತಿಕೋನಾ ಅಥವಾ ತುಂಗ್ ಕೋಟೆ, ಮುಂದೆ ಬೆಂಕಿ. ಫೋಟೋದಲ್ಲಿ ನೀರು ಎಷ್ಟು ಹತ್ತಿರವಿದೆಯೋ ಬಾಡಿಗೆ ಅಷ್ಟು ಹೆಚ್ಚು. ನಾನು ಕೊಡುವ ಉತ್ತರ ಅವರಿಗೆ ಇಷ್ಟವಾಗುವುದಿಲ್ಲ. ಆ ನಾಲ್ಕರಲ್ಲಿ ಯಾವುದು ಅತಿ ಚೆಂದವೋ ಅದನ್ನು ಮೊದಲು ಬಿಡಿ ಎನ್ನುತ್ತೇನೆ.

ತಕರಾರು ಶುರುವಾಗುವುದೇ ಆ 'ಕೆರೆ' ಎಂಬ ಮಾತಿನಿಂದ. ಕೆರೆ ಎಂದರೆ ನಮಗೆ ಏರಿ ಇದೆ, ತೂಬು ಇದೆ, ಕೋಡಿ ಎಲ್ಲಿ ಬೀಳುತ್ತದೆಂದು ಊರಿನ ಮಕ್ಕಳಿಗೂ ಗೊತ್ತು. ಪುಣೆಯ ಸುತ್ತ ನಾವು ಕೆರೆ ಎಂದು ಕರೆಯುವ ಪವನಾ, ಮುಳಶಿ, ಪಾನಶೇತ್, ವರಸಗಾಂವ್, ಭಾಟಘರ್ ಎಲ್ಲವೂ ಅಣೆಕಟ್ಟಿನ ಹಿನ್ನೀರು. ಪವನಾದಲ್ಲಿ ನಿಲ್ಲುವುದು ಸುಮಾರು ಎಂಟೂವರೆ ಟಿಎಂಸಿ ನೀರು. ಪಿಂಪ್ರಿ ಚಿಂಚವಡದ ನಲ್ಲಿಗಳಿಗೆ ಅಲ್ಲಿಂದಲೇ ಹೋಗಬೇಕು. ಆಗಸ್ಟಿನಲ್ಲಿ ತುಂಬಿದ್ದು ಮೇ ಹೊತ್ತಿಗೆ ತಳ ಕಾಣುತ್ತದೆ. ಇಳಿಜಾರು ಮಂದವಾಗಿರುವ ಕಡೆ ನೀರಿನ ಅಂಚು ಅಷ್ಟರಲ್ಲಿ ನೂರಾರು ಮೀಟರ್ ಹಿಂದೆ ಸರಿದಿರುತ್ತದೆ. ಟೆಂಟ್ ಹಾಕುವವರೂ ಅದರ ಹಿಂದೆಯೇ ಕೆಳಗಿಳಿಯುತ್ತಾರೆ. ಮರವಿಲ್ಲ, ಕಲ್ಲಿಲ್ಲ, ಮೆತ್ತಗೆ ಸಪಾಟು. ಅದಕ್ಕಿಂತ ಒಳ್ಳೆ ಜಾಗ ಬೇಕೆ ಅನ್ನಿಸುತ್ತದೆ. ಅದು ನೆಲವಲ್ಲ, ನೀರು ತಾತ್ಕಾಲಿಕವಾಗಿ ಬಿಟ್ಟುಕೊಟ್ಟ ಹೂಳು.

ನನಗೆ ಇದು ಗೊತ್ತಾಗಿದ್ದು ಓದಿ ಅಲ್ಲ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ತಂಗಿಯ ಕುಟುಂಬವನ್ನು ಕರೆದುಕೊಂಡು ಇಂಥದೇ ಒಂದು ಫೋಟೋ ನಂಬಿ ಹೋಗಿದ್ದೆ. ಸಂಜೆ ಐದೂವರೆಗೆ ಹದಿಮೂರರ ಅಳಿಯ ಕಾಲು ತೊಳೆಯಲು ಇಳಿದ. ಮೊದಲ ಹೆಜ್ಜೆಗೆ ನೀರು ಮೊಣಕಾಲಿಗೆ, ಎರಡನೆಯದಕ್ಕೂ ಮೊಣಕಾಲಿಗೆ, ಮೂರನೆಯದಕ್ಕೆ ಹುಡುಗ ಕಾಣಲಿಲ್ಲ. ನಾನು ದಂಡೆಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ, ಎರಡು ಕ್ಷಣ ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಅಷ್ಟರಲ್ಲಿ ಟೆಂಟಿನ ಗೂಟ ಹೊಡೆಯುತ್ತಿದ್ದ ಊರಿನ ಹುಡುಗ ಓಡಿಬಂದು, ನೇರ ಹಾರದೆ, ಪಕ್ಕದಿಂದ ಬಳಸಿ ಇಳಿದು, ಅಂಗಿ ಹಿಡಿದು ಎಳೆದ. ನೇರ ಯಾಕೆ ಹಾರಲಿಲ್ಲ ಎಂದು ಆಮೇಲೆ ಕೇಳಿದೆ. ಅಲ್ಲಿ ಬದು ಇದೆ ಎಂದ. ಯಾವ ಬದು? "ಗದ್ದೆಯ ಬದು. ಅದು ನಮ್ಮ ಅಜ್ಜನ ಹೊಲ."

ಮಾವಳ ಭತ್ತದ ಸೀಮೆ. ಗುಡ್ಡದ ಬುಡದಿಂದ ನದಿಯ ತನಕ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳಿದ್ದವು, ಈಗಲೂ ಇವೆ, ನೀರಿನ ಕೆಳಗೆ. ನೀವು ಕಾಲಿಡುವುದು ಒಂದು ಗದ್ದೆಯಲ್ಲಿ, ಮುಂದಿನ ಹೆಜ್ಜೆ ಕೆಳಗಿನ ಗದ್ದೆಗೆ, ಅದರಾಚೆ ಹಳೆಯ ಹೊಳೆಯ ಪಾತ್ರಕ್ಕೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ನೀಲಿ. ಈಜು ಬಲ್ಲವರೂ ಇಲ್ಲಿ ಸಾಯುವುದಕ್ಕೆ ಒಂದು ಕಾರಣ ಈ ಮೆಟ್ಟಿಲು, ಇನ್ನೊಂದು ಕಾಲನ್ನು ಬಿಡದ ಹೂಳು. ಬೇಸಿಗೆಯಲ್ಲಿ ಪವನಾದೊಳಗಿಂದ ವಾಘೇಶ್ವರನ ಕಲ್ಲಿನ ಗುಡಿ ಎದ್ದು ಬರುತ್ತದೆ. ಹಿಡಕಲ್ ಹಿನ್ನೀರಿನ ವಿಠಲನ ಗುಡಿ, ಲಿಂಗನಮಕ್ಕಿ ಒಳಗಿನ ಮಡೆನೂರು ಅಣೆಕಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡಿ ಇದ್ದಲ್ಲಿ ಊರಿತ್ತು, ಊರಿದ್ದಲ್ಲಿ ಬಾವಿಯೂ ಇತ್ತು. ಆ ಬಾವಿಗಳೂ ಅಲ್ಲೇ ಇವೆ.

ಇದು ಅಣೆಕಟ್ಟಿನ ಮೇಲುಭಾಗದ ಕತೆ. ಕೆಳಭಾಗದ ನದಿ ಇನ್ನೂ ಮೋಸ. ಹಿನ್ನೀರು ದಿನಗಟ್ಟಲೆ ತೆಗೆದುಕೊಂಡು ಏರುತ್ತದೆ, ಕೆಳಗಿನ ಹೊಳೆಗೆ ನಿಮಿಷಗಳು ಸಾಕು, ಅದಕ್ಕೆ ನಿಮ್ಮ ತಲೆಯ ಮೇಲೆ ಮಳೆಯೇ ಬೇಕಿಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಕಲ್ಲುಗಳ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ನೀರು ಬಿಟ್ಟಿದ್ದರು. ಮುತ್ತತ್ತಿ, ಭೀಮೇಶ್ವರಿಯಲ್ಲಿ ಕಾವೇರಿಯ ಮರಳ ಮೇಲೆ ಬುತ್ತಿ ಬಿಚ್ಚುವವರು ನೆನಪಿಟ್ಟುಕೊಳ್ಳಬೇಕು: ಮೇಲೆ ಶಿವನಸಮುದ್ರ, ಶಿಂಷಾ ವಿದ್ಯುತ್ ಕೇಂದ್ರಗಳಿವೆ, ಅವಕ್ಕೂ ಮೇಲೆ ಕೃಷ್ಣರಾಜಸಾಗರವಿದೆ. ಪುಣೆಯವರಿಗೆ ಈ ಪಾಠ ಹೊಸದಲ್ಲ. 1961ರ ಜುಲೈ 12ರಂದು ಪಾನಶೇತ್ ಒಡೆದು, ಆ ನೀರಿಗೆ ಖಡಕವಾಸಲಾವೂ ಒಡೆದು, ನದಿ ಪೇಟೆಯೊಳಗೆ ನುಗ್ಗಿತ್ತು. ತೀರಾ ಈಚೆಗೆ, 2024ರ ಜುಲೈ 25ರಂದು, ಖಡಕವಾಸಲಾದಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳೊಳಗೆ ಬಂತು. ಗೋಡೆ, ಮಹಡಿ, ಬೀದಿದೀಪ ಎಲ್ಲ ಇದ್ದವರೇ ಆ ದಿನ ಕಕ್ಕಾಬಿಕ್ಕಿಯಾದರು. ಜಿಪ್ ಹಾಕಿಕೊಂಡ ಬಟ್ಟೆಚೀಲದೊಳಗೆ ಮಲಗಿದವನ ಗತಿ ಏನು?

ಹಾಗಾದರೆ ಜಾಗ ಆರಿಸುವುದು ಹೇಗೆ? ಹೊರದೇಶದ ಕೈಪಿಡಿಗಳು ನೀರಿನಿಂದ 60 ಮೀಟರ್, ಅಂದರೆ ಸುಮಾರು 70 ಹೆಜ್ಜೆ ದೂರವಿರಿ ಎನ್ನುತ್ತವೆ. ನೀರು ಹೊಲಸಾಗಬಾರದು, ಪ್ರಾಣಿಗಳ ದಾರಿಗೆ ಅಡ್ಡ ಬರಬಾರದು ಎಂಬ ಲೆಕ್ಕ ಅದು. ಅವರ ಸಹಜ ಸರೋವರಕ್ಕೆ ಅದು ಸರಿ. ನಮ್ಮ ಹಿನ್ನೀರಿನಲ್ಲಿ ಇವತ್ತಿನ ಅಂಚಿನಿಂದ 70 ಹೆಜ್ಜೆ ಎಣಿಸಿದರೆ ಹೂಳಿನ ನಡುವೆಯೇ ನಿಂತಿರುತ್ತೀರಿ. ಎಣಿಸಬೇಕಾದ್ದು ತುಂಬಿದಾಗಿನ ಅಂಚಿನಿಂದ. ಅದನ್ನು ಹುಡುಕುವುದು ಕಷ್ಟವಲ್ಲ: ಬಂಡೆಗಳ ಮೇಲೆ ಬಣ್ಣ ಬದಲಾಗುವ ಗೆರೆ ಇರುತ್ತದೆ, ಒಣಗಿದ ಕಡ್ಡಿಕಸ, ಚಪ್ಪಲಿ, ಬಾಟಲಿ ಸಾಲಾಗಿ ಬಿದ್ದಿರುತ್ತವೆ, ಅಲ್ಲಿಂದ ಮೇಲಕ್ಕೆ ಹಳೆಯ ಮರಗಳು ಶುರುವಾಗುತ್ತವೆ. ಹೊಳೆಯ ದಂಡೆಯಲ್ಲಾದರೆ ಪೊದೆಗಳ ಕೊಂಬೆಗೆ ಸಿಕ್ಕಿಕೊಂಡ ಕಸ ನೋಡಿ, ನೀರು ಅಲ್ಲಿತನಕ ಬಂದು ಹೋಗಿದೆ. ಒಣಗಿದ ಹಳ್ಳದ ಮರಳಂತೂ ಎಷ್ಟು ಮೆತ್ತಗಿದ್ದರೂ ಹಾಸಿಗೆಯಲ್ಲ.

ಈ ವಿದ್ಯೆಯಲ್ಲಿ ನಮ್ಮ ಗುರುಗಳು ಧನಗರರು. ನಮ್ಮ ಹಾಲುಮತದವರ ಬಳಗ, ನಮ್ಮ ಬೀರಪ್ಪ ಅವರಿಗೆ ಬಿರೋಬಾ. ಮಳೆ ಮುಗಿದ ಮೇಲೆ ಕುರಿ, ಕುದುರೆ, ಕೋಳಿ, ಕೂಸುಗಳ ಸಮೇತ ಪುಣೆಯ ಹೊರವಲಯ ದಾಟಿ ಹೋಗುವಾಗ ನಾನು ಗಮನಿಸಿದ್ದೇನೆ: ನೀರು ಕುಡಿಸುವುದು ಹೊಳೆಯಲ್ಲಿ, ಬೀಡು ಬಿಡುವುದು ದಿಬ್ಬದ ಕೊಯ್ದ ಹೊಲದಲ್ಲಿ, ಅದೂ ಹೊಲದವನನ್ನು ಕೇಳಿ. ಕುರಿ ನಿಂತ ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು. ಜ್ಞಾನೇಶ್ವರರ ಪಾಲಖಿಯೂ ಹಾಗೇ. ಪಾದುಕೆಗಳಿಗೆ ನೀರಾ ನದಿಯಲ್ಲಿ ಸ್ನಾನ, ರಾತ್ರಿಯ ತಂಗು ಹೊಳೆ ದಾಟಿ ಮುಂದೆ ಲೋಣಂದದಲ್ಲಿ. ಲಕ್ಷಾಂತರ ಜನ ಆಷಾಢದ ಮಳೆಯಲ್ಲಿ ಇಷ್ಟು ಕಾಲ ನಡೆದದ್ದು ಬರೀ ಭಕ್ತಿಯಿಂದ ಎಂದು ನಾನಂತೂ ನಂಬುವುದಿಲ್ಲ, ಜಾಗದ ಜ್ಞಾನವೂ ಇತ್ತು.

ಎತ್ತರಕ್ಕೆ ಹೋದರೆ ಇನ್ನೊಂದು ಲಾಭ. ರಾತ್ರಿ ತಣ್ಣನೆ ಗಾಳಿ ತಗ್ಗಿಗೆ ಇಳಿದು ನೀರಿನ ಬಳಿ ಕೂರುತ್ತದೆ. ಡಿಸೆಂಬರಿನಲ್ಲಿ ದಂಡೆಯ ಟೆಂಟು ಬೆಳಗಿನ ಹೊತ್ತಿಗೆ ಇಬ್ಬನಿಯಲ್ಲಿ ತೊಯ್ದಿರುತ್ತದೆ, ಮೇಲಿನದು ಒಣಗಿರುತ್ತದೆ. ಚಳಿಯೆಂದು ಇದ್ದಿಲ ಸಿಗಡಿಯನ್ನು ಟೆಂಟಿನೊಳಗೆ ಒಯ್ಯುವವರಿದ್ದಾರೆ, ದಯವಿಟ್ಟು ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರವೇ ಆಗುವುದಿಲ್ಲ. ಹೆಜ್ಜೇನು ಕಟ್ಟಿದ ಮರ, ಬಂಡೆಗಳ ಕೆಳಗೆ ಬೆಂಕಿ ಹಾಕಬೇಡಿ. ಮೇ ತಿಂಗಳ ಸಂಜೆ ಗುಡುಗಿದರೆ ಒಂಟಿಮರವನ್ನೂ ನೀರಿನ ಅಂಚನ್ನೂ ಬಿಟ್ಟು ಕಾರಿನೊಳಗೆ ಹೋಗಿ ಕುಳಿತುಬಿಡಿ.

ಜಿಲ್ಲಾಡಳಿತ ಮಳೆಗಾಲದಲ್ಲಿ ನಿರ್ಬಂಧ ಹೇರುತ್ತದೆ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಹೋದ ಮೇಲೂ ಹೇರಿತು. ಬೇಡವೆನ್ನುವುದಿಲ್ಲ. ಆದರೆ ನಿಷೇಧ ಪೊಲೀಸರು ನಿಂತಲ್ಲಿಗೆ ಮುಗಿಯುತ್ತದೆ, ನನ್ನ ಅಳಿಯ ಮುಳುಗಿದ್ದು ಯಾವ ನಿಷೇಧವೂ ಇಲ್ಲದ ಬಿಸಿಲಿನ ಮೇ ತಿಂಗಳಲ್ಲಿ. ನನಗೆ ಬೇಕಾದ್ದು ಸಣ್ಣದು. ಪೂರ್ಣಮಟ್ಟದ ಗೆರೆಯನ್ನು ಪ್ರತಿ ಬಿಡಾರದ ಬಳಿ ಬಣ್ಣದ ಕಲ್ಲು ನೆಟ್ಟು ತೋರಿಸಲಿ, ಅದರ ಕೆಳಗೆ ಟೆಂಟಿಗೆ ಪರವಾನಗಿ ಬೇಡ. ಅಣೆಕಟ್ಟುಗಳ ಮಟ್ಟ ಎಷ್ಟು ಶೇಕಡಾ ಎಂದು ನೀರಾವರಿ ಇಲಾಖೆ ಹೇಗೂ ದಿನಾ ಪ್ರಕಟಿಸುತ್ತದೆ. ಬುಕಿಂಗ್ ಮಾಡುವಾಗ ಫೋಟೋದ ಪಕ್ಕ ಅದೂ ಇರಲಿ.

ಇದಕ್ಕೆ ಒಂದು ಒಳ್ಳೆಯ ಆಕ್ಷೇಪವಿದೆ. ಹೊಲ ಕಳೆದುಕೊಂಡವರ ಮೊಮ್ಮಕ್ಕಳು ಈಗ ಟೆಂಟ್ ಹಾಕಿ ನಾಲ್ಕು ಕಾಸು ನೋಡುತ್ತಿದ್ದಾರೆ, ಅದಕ್ಕೂ ಕಲ್ಲು ಹಾಕುತ್ತೀರಾ? ಮುಳಶಿಯ ರೈತರು ಸೇನಾಪತಿ ಬಾಪಟರ ಜೊತೆ ಟಾಟಾ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದ್ದು 1921ರಲ್ಲಿ. ಪವನಾ ನೀರಿನ ಕೊಳವೆಮಾರ್ಗ ಬೇಡವೆಂದು ರಸ್ತೆಗಿಳಿದ ಮಾವಳದ ಮೂವರು ಪೊಲೀಸರ ಗುಂಡಿಗೆ ಸತ್ತದ್ದು 2011ರ ಆಗಸ್ಟ್ 9ರಂದು. ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಗೆರೆಯ ಕೆಳಗಿನ ನೆಲ ಸರ್ಕಾರದ ವಶಕ್ಕೆ ಹೋಗಿದ್ದು, ಅಲ್ಲಿ ಯಾರು ಬೇಕಾದರೂ ಪಟ್ಟಣದಿಂದ ಬಂದು ಟೆಂಟ್ ಹೊಡೆಯುತ್ತಾರೆ. ಗೆರೆಯ ಮೇಲೆ ಉಳಿದಿರುವ ತುಂಡು ನೆಲ ಊರಿನವರದು. ಬಿಡಾರಗಳು ಮೇಲೆ ಹೋದರೆ ಬಾಡಿಗೆಯೂ ಅಲ್ಲಿಗೇ ಹೋಗುತ್ತದೆ.

ಗೂಟ ಹೊಡೆಯುತ್ತಿದ್ದ ಆ ಹುಡುಗನನ್ನು ನಾನು ಅವತ್ತು ಸಿಟ್ಟಿನಲ್ಲಿ ಕೇಳಿದ್ದೆ, ಗೊತ್ತಿದ್ದೂ ಇಲ್ಲಿ ಯಾಕೆ ಹಾಕುತ್ತೀರಿ ಎಂದು. "ನೀರು ಹತ್ತಿರ ಬೇಕು ಅಂತ ನೀವೇ ಕೇಳ್ತೀರಲ್ಲ" ಎಂದ. ಈಗ ಅವನದೇ ನಾಲ್ಕು ಟೆಂಟುಗಳಿವೆ, ಗುಡ್ಡದ ಓರೆಯಲ್ಲಿ, ಮನೆಯ ಹಿಂದಿನ ಮಾವಿನ ಮರಗಳಾಚೆ. ಕಳೆದ ನವೆಂಬರಿನಲ್ಲಿ ತಂಗಿಯ ಮನೆಯವರು ಬಂದಾಗ ಅಲ್ಲೇ ಉಳಿದೆವು. ಅಳಿಯ ಈಗ ಕಾಲೇಜು ಹುಡುಗ, ಮುಖ ಸಣ್ಣ ಮಾಡಿಕೊಂಡ. ಟೆಂಟಿನಿಂದ ನೀರೇ ಕಾಣುವುದಿಲ್ಲವಂತೆ. ಹಿತ್ತಲಿನ ಬಂಡೆ ಹತ್ತಿ ನಿಂತರೆ ಕಾಣುತ್ತದೆ ಎಂದು ತೋರಿಸಿದೆ.